ಕುದುರೆಯ ಮೈಮೇಲೆ ಗಂಟು: ಇದು ದನದಿಂದ ಅಂಟಿದ ಚರ್ಮಗಂಟು ರೋಗವೇ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಕಾಫಿ ತೋಟ, ಜೊತೆಗೆ ನಾಲ್ಕು ಕೋಣೆಗಳ ಹೋಂಸ್ಟೇ. ಅತಿಥಿಗಳ ಸವಾರಿಗೆಂದು ಎರಡು ಕುದುರೆ ಸಾಕಿದ್ದೇವೆ. ಕಳೆದ ತಿಂಗಳು ಪಕ್ಕದ ತೋಟದ ಲೈನ್ ಮನೆಯವರ ಎರಡು ದನಗಳಿಗೆ ಚರ್ಮಗಂಟು ರೋಗ ಬಂದಿತ್ತು. ಈಗ ನಮ್ಮ 7 ವರ್ಷದ ಕಂದು ಗಂಡು ಕುದುರೆಯ ಬೆನ್ನ ಮೇಲೆ, ಜೀನು ಕೂರುವ ಜಾಗದಲ್ಲಿ, ಕಡಲೆಕಾಳಿನಿಂದ ಗೋಲಿಯವರೆಗಿನ ಗಾತ್ರದ ಆರೇಳು ಗಂಟುಗಳು ಎದ್ದಿವೆ. 16 ವರ್ಷದ ಬಿಳಿ ಹೆಣ್ಣು ಕುದುರೆಗೆ ಬಾಲದ ಕೆಳಗೆ ಕಪ್ಪು ಗಂಟುಗಳಿದ್ದು, ಎರಡು ವರ್ಷದಿಂದ ನಿಧಾನವಾಗಿ ಹೆಚ್ಚುತ್ತಿವೆ. ಇವು ದನದಿಂದ ಅಂಟಿದ್ದೇ? ದನಗಳಿಗೆ ಹಾಕುವ ಲಸಿಕೆಯನ್ನು ಕುದುರೆಗಳಿಗೂ ಹಾಕಿಸಬಹುದೇ? ಮೈಲುತುತ್ತ ಹಚ್ಚಿದರೆ ಗಂಟು ಉದುರುತ್ತದೆ ಎಂದು ನಮ್ಮ ತೋಟದ ರೈಟರ್ ಹೇಳುತ್ತಾರೆ. ಹಚ್ಚಬಹುದೇ? ಅತಿಥಿಗಳನ್ನು ಕೂರಿಸಬಹುದೇ? ಅಂದಹಾಗೆ, ಕಂದು ಕುದುರೆಯ ಹಿಂಗಾಲಿಗೆ ಬೇಲಿಯ ತಂತಿ ತಗುಲಿ ಆದ ಗಾಯ ಮಳೆಗಾಲ ಪೂರ್ತಿ ಆರಲಿಲ್ಲ. ಮಾಂಸ ಸ್ವಲ್ಪ ಉಬ್ಬಿದೆ, ಆಗಾಗ ಅಲ್ಲಿ ಕಚ್ಚಿಕೊಳ್ಳುತ್ತದೆ. ಮಳೆ ನಿಂತರೆ ಸರಿಹೋಗಬಹುದು ಎಂದುಕೊಂಡಿದ್ದೇವೆ.

ಉತ್ತರ: ನಿಮ್ಮ ಪತ್ರವನ್ನು ಕಾಫಿ ಕುಡಿಯುತ್ತ ಆರಾಮವಾಗಿ ಓದುತ್ತಿದ್ದವನು ‘ಅಂದಹಾಗೆ’ ಎಂಬಲ್ಲಿಗೆ ಬಂದಾಗ ಲೋಟ ಕೆಳಗಿಟ್ಟೆ. ಆ ಕಾಲಿನ ಗಾಯಕ್ಕೆ ಈ ವಾರವೇ ವೈದ್ಯರನ್ನು ಕರೆಸಿ. ಬೆನ್ನಿನ ಗಂಟುಗಳಿಗೆ ಅವಸರವಿಲ್ಲ. ಬಾಲದ ಕೆಳಗಿನವನ್ನು ಅಳೆದು ಬರೆದಿಡಬೇಕು, ಮುಂದೇನು ಎಂಬುದನ್ನು ವೈದ್ಯರ ಜೊತೆ ಕುಳಿತು ತೀರ್ಮಾನಿಸಬೇಕು. ಇನ್ನು ಮೈಲುತುತ್ತವನ್ನು ಅಡಿಕೆಗೂ ಕಾಫಿಗೂ ಇಟ್ಟುಕೊಳ್ಳಿ. ಕುದುರೆಯ ಹತ್ತಿರ ತರಬೇಡಿ.

ಮೊದಲು ದನದ ವಿಷಯ ಮುಗಿಸೋಣ. ಚರ್ಮಗಂಟು ರೋಗದ ವೈರಸ್ ಕುರಿ ಸಿಡುಬು, ಮೇಕೆ ಸಿಡುಬಿನ ವೈರಸ್‌ಗಳ ಹತ್ತಿರದ ಬಂಧು. ಅದು ಹಿಡಿಯುವುದು ದನ ಮತ್ತು ಎಮ್ಮೆಗಳನ್ನು. 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿಕೊಂಡು, 2022ರಲ್ಲಿ ದೇಶದ ಬಹುಭಾಗಕ್ಕೆ ಹಬ್ಬಿದಾಗ ಕರ್ನಾಟಕದ ಹೈನುಗಾರರೂ ಅದರ ಬಿಸಿ ಅನುಭವಿಸಿದರು. ಆಗಿನಿಂದ ನಮ್ಮ ಕಡೆ ಯಾವ ಪ್ರಾಣಿಯ ಮೈಮೇಲೆ ಗಂಟು ಕಂಡರೂ ಬಾಯಿಗೆ ಬರುವುದು ಅದೇ ಹೆಸರು. ಕುದುರೆಗೆ ಆ ರೋಗ ಬರುವುದಿಲ್ಲ. ದನಗಳಿಗೆ ಆಗ ಹೆಚ್ಚಾಗಿ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಅದರಿಂದ ನಿಮ್ಮ ಕುದುರೆಗೆ ಮೂರು ಕಾಸಿನ ಪ್ರಯೋಜನವಿಲ್ಲ. ಹಾಗೆಂದು ದನಕ್ಕೂ ಕುದುರೆಯ ಗಂಟಿಗೂ ಸಂಬಂಧವೇ ಇಲ್ಲವೆನ್ನಲಾರೆ. ದನದ ವೈರಸ್‌ನಿಂದ ಕುದುರೆಗೆ ಬರುವ ಗಂಟು ಒಂದಿದೆ, ಅದು ಬೇರೆಯದೇ ಕಥೆ. ಮುಂದೆ ಹೇಳುತ್ತೇನೆ.

ನೀವು ಬೆನ್ನಿನ ಗಂಟಿನ ಗಾತ್ರ ಬರೆದಿದ್ದೀರಿ, ಆದರೆ ಮುಟ್ಟಿದರೆ ಹೇಗಿದೆ ಎಂದು ಬರೆದಿಲ್ಲ. ಗಂಟಿನ ವಿಷಯದಲ್ಲಿ ಕಣ್ಣಿಗಿಂತ ಬೆರಳು ಬಲ್ಲದ್ದು ಹೆಚ್ಚು. ಬೆಳಗ್ಗೆ ಮೈ ಉಜ್ಜುವ ಹೊತ್ತಿನಲ್ಲಿ ಒಂದು ಗಂಟನ್ನು ಹೆಬ್ಬೆರಳಿನಿಂದ ಹತ್ತು ಎಣಿಸುವವರೆಗೆ ಒತ್ತಿ ಬಿಡಿ. ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿದರೆ ಅದು ನಮ್ಮ ಮೈಮೇಲೆ ಏಳುವ ಪಿತ್ತಗಂಧೆಯ ಜಾತಿಯದು. ಅದು ಕೆಲವೇ ಗಂಟೆಗಳಲ್ಲಿ ಏಳುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ತೊಣಚಿ ಕಚ್ಚಿರಬಹುದು, ಹೊಸ ಮೇವು ಒಗ್ಗದಿರಬಹುದು, ಪೆನಿಸಿಲಿನ್‌ನಂಥ ಔಷಧ ಮೈಗೆ ಹಿಡಿಸದಿರಬಹುದು. ಮುಖ, ಮೂಗಿನ ಹೊಳ್ಳೆಗಳು ಊದಿಕೊಂಡು ಉಸಿರಾಟ ಕಷ್ಟವಾದರೆ ಮಾತ್ರ ಅದು ತುರ್ತು. ಒತ್ತಿದರೂ ಬಗ್ಗದೆ, ಚರ್ಮದೊಳಗೆ ಬಟಾಣಿ ಹುದುಗಿಸಿಟ್ಟಂತೆ ಗಟ್ಟಿಯಾಗಿ ಸಿಕ್ಕಿದರೆ ಇನ್ನಷ್ಟು ಪ್ರಶ್ನೆಗಳಿವೆ. ಮೇಲಿನ ಕೂದಲು ಹಾಗೇ ಇದೆಯೇ, ಉದುರಿದೆಯೇ? ಕುದುರೆ ಕೆರೆದುಕೊಳ್ಳುತ್ತದೆಯೇ? ಚರ್ಮವನ್ನು ಚಿವುಟಿ ಎತ್ತಿದರೆ ಗಂಟು ಅದರ ಜೊತೆ ಬರುತ್ತದೆಯೇ, ಕೆಳಗೇ ಉಳಿಯುತ್ತದೆಯೇ?

ನಿಮ್ಮ ವಿವರಣೆಯಿಂದ, ಅಂದರೆ ಜಾಗ, ಸಂಖ್ಯೆ ಮತ್ತು ಗಾತ್ರ ಮೂರನ್ನೂ ಕೂಡಿಸಿ ನೋಡಿದರೆ, ನನ್ನ ಊಹೆ ಕೀಟದ ಕಡಿತಕ್ಕೆ ದೇಹ ಕಟ್ಟಿಕೊಳ್ಳುವ ಗಟ್ಟಿ ಗಂಟಿನ ಕಡೆಗಿದೆ. ವೈದ್ಯರು ಇದನ್ನು ಇಯೋಸಿನೋಫಿಲಿಕ್ ಗ್ರಾನ್ಯುಲೋಮಾ ಎನ್ನುತ್ತಾರೆ. ಹೆಸರು ಹೆದರಿಸುವಂತಿದೆ, ಗಂಟು ಮಾತ್ರ ಸಾಧು. ನೊಣ, ನುಸಿ ಕಚ್ಚಿದ ಕಡೆ ಅಥವಾ ಜೀನು ಒತ್ತಿದ ಕಡೆ ಚರ್ಮದೊಳಗಿನ ನಾರಿನ ಸುತ್ತ ಇಯೋಸಿನೋಫಿಲ್ ಎಂಬ ರಕ್ತಕಣಗಳು ಬಂದು ಮುತ್ತುತ್ತವೆ, ಗಂಟಾಗುತ್ತದೆ. ಕೂದಲು ಉದುರುವುದಿಲ್ಲ, ನೋವಿರುವುದಿಲ್ಲ, ತುರಿಕೆಯೂ ಇರುವುದಿಲ್ಲ. ಹಳೆಯದಾದರೆ ಒಳಗೆ ಸುಣ್ಣಗಟ್ಟಿ ಕಲ್ಲಿನಂತಾಗುವುದುಂಟು. ಆರೇಳು ಗಂಟಿದ್ದು ಜೀನಿಗೆ ಅಡ್ಡಬರದಿದ್ದರೆ ನಾನಂತೂ ಕೈಹಾಕುವುದಿಲ್ಲ. ಅಡ್ಡಬಂದರೆ ಗಂಟಿನೊಳಗೇ ಸ್ಟೀರಾಯ್ಡ್ ಚುಚ್ಚುವುದೊಂದು ದಾರಿ, ಅದಕ್ಕೂ ಬಗ್ಗದ ಒಂದೆರಡನ್ನು ಕತ್ತರಿಸಿ ತೆಗೆಯುವುದು ಇನ್ನೊಂದು. ಸ್ಟೀರಾಯ್ಡನ್ನು ಒಟ್ಟು ಎಷ್ಟು ಕೊಡಬಹುದು ಎಂಬುದಕ್ಕೆ ಮಿತಿಯಿದೆ. ಮೀರಿದರೆ, ಅದರಲ್ಲೂ ಕೊಬ್ಬಿದ ಕುದುರೆಯಲ್ಲಿ, ಗೊರಸಿನ ಒಳಪದರಕ್ಕೆ ಉರಿಯೂತ ಬಂದು ಕಾಲೂರಲಾಗದೆ ನಿಂತುಬಿಡುವ ಅಪಾಯವಿದೆ. ಆದ್ದರಿಂದ ಅಂಗಡಿಯಿಂದ ತಂದು ತಾವೇ ಚುಚ್ಚುವ ಸಾಹಸ ಬೇಡ.

ಜೀನಿನ ಕೆಳಗೆ ಹಾಸುವ ಬಟ್ಟೆಯನ್ನೂ ಒಮ್ಮೆ ತಿರುಗಿಸಿ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಅದು ಒಣಗಿದ್ದನ್ನು ನಾನು ನೋಡಿಲ್ಲ. ಹಸಿ ಬಟ್ಟೆ, ಬೆವರು, ಉಜ್ಜಾಟ ಮೂರೂ ಸೇರಿದರೆ ಹುಳುಕಡ್ಡಿಯ ಶಿಲೀಂಧ್ರಕ್ಕೆ ಹಬ್ಬ. ಹುಳುಕಡ್ಡಿ ಆರಂಭದಲ್ಲಿ ಸಣ್ಣ ಗಂಟಿನಂತೆಯೇ ಕಾಣುತ್ತದೆ, ಕೂದಲು ಗುಚ್ಛಗುಚ್ಛವಾಗಿ ನೆಟ್ಟಗೆ ನಿಲ್ಲುತ್ತದೆ. ಕೆಲವು ದಿನ ಕಳೆದ ಮೇಲೆ ಕೂದಲು ಉದುರಿ ದುಂಡನೆಯ ಬೋಳು ಮೂಡುತ್ತದೆ. ಒಂದೇ ಜೀನು, ಒಂದೇ ಬ್ರಷ್ಷನ್ನು ಎರಡೂ ಕುದುರೆಗೆ ಬಳಸಿದರೆ ಇಬ್ಬರಿಗೂ ಬರುತ್ತದೆ, ಮೈ ಉಜ್ಜುವ ಹುಡುಗನಿಗೂ ಬರುತ್ತದೆ. ಮಳೆಯಲ್ಲೇ ನಿಲ್ಲುವ ಕುದುರೆಗಳ ಬೆನ್ನಿನಲ್ಲಿ ಬಣ್ಣದ ಕುಂಚದಂತೆ ಕೂದಲು ಹಿಡಿದುಕೊಂಡ ಹಕ್ಕಳೆಗಳು ಏಳುವುದೂ ಉಂಟು. ಅದು ಬ್ಯಾಕ್ಟೀರಿಯಾದ ಕೆಲಸ. ಕ್ಲೋರ್‌ಹೆಕ್ಸಿಡಿನ್ ಅಥವಾ ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ತೊಳೆದು, ಸೂರಿನಡಿ ಒಣಗಲು ಬಿಟ್ಟರೆ ಬಹುಪಾಲು ಅಷ್ಟರಲ್ಲೇ ಹೋಗುತ್ತದೆ.

ಬಿಳಿ ಹೆಣ್ಣು ಕುದುರೆಯ ಗಂಟು ಏನೆಂದು ನೋಡದೆಯೇ ಹೇಳುವ ಧೈರ್ಯ ನನಗಿದೆ. ಬಿಳಿ ಬಣ್ಣ, 16 ವರ್ಷ, ಬಾಲದ ಕೆಳಗೆ, ಕಪ್ಪು, ನಿಧಾನ: ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಗಡ್ಡೆ. ಬೂದು ಮತ್ತು ಬಿಳಿ ಕುದುರೆಗಳಲ್ಲಿ 15 ವರ್ಷ ದಾಟಿದವಕ್ಕೆ ನೂರಕ್ಕೆ ಸುಮಾರು 80ರಷ್ಟು ಈ ಗಂಟುಗಳಿರುತ್ತವೆ. ನಿಮ್ಮ ಕುದುರೆಯನ್ನು ಮರಿಯಿದ್ದಾಗ ನೋಡಿದವರು ಸಿಕ್ಕಿದರೆ ಕೇಳಿ, ಅದು ಬಹುಶಃ ಕಪ್ಪಾಗಿಯೋ ಕಂದಾಗಿಯೋ ಹುಟ್ಟಿರುತ್ತದೆ. ವರ್ಷದಿಂದ ವರ್ಷಕ್ಕೆ ಕೂದಲು ನರೆತು ಬಿಳಿಯಾಗುತ್ತದೆ, ಚರ್ಮ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಹೀಗೆ ಬೇಗ ನರೆಸುವ ವಂಶವಾಹಿಯ ಬದಲಾವಣೆ ಯಾವುದೆಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ನೇತೃತ್ವದ ತಂಡ ಕಂಡುಹಿಡಿಯಿತು. ಕೂದಲನ್ನು ನರೆಸುವ ಆ ಬದಲಾವಣೆಯೇ ಮೆಲನೋಮಾದ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಅಂದರೆ ದಿಬ್ಬಣಕ್ಕೆ ಬೇಕೆಂದು ನಾವು ಹುಡುಕಿ ತರುವ ಬಿಳಿ ಬಣ್ಣ ಮತ್ತು ಬಾಲದ ಕೆಳಗಿನ ಕಪ್ಪು ಗಂಟು ಒಂದೇ ಗಂಟಲಿನಿಂದ ಹೊರಟ ಎರಡು ಸ್ವರ.

ಮನುಷ್ಯರ ಮೆಲನೋಮಾದಂತೆ ಇದು ತಿಂಗಳುಗಳಲ್ಲಿ ಆಹುತಿ ತೆಗೆದುಕೊಳ್ಳುವುದು ಅಪರೂಪ. ಎಷ್ಟೋ ಕುದುರೆಗಳು ಗಂಟಿಟ್ಟುಕೊಂಡೇ ಮುಪ್ಪಾಗುತ್ತವೆ. ಹಿಂದೆ ನಮಗೆ ಕಲಿಸಿದ್ದು ‘ಮುಟ್ಟಬೇಡ, ಕೆದಕಿದರೆ ಕೆರಳುತ್ತದೆ’ ಎಂದು. ನಾನೂ ಎಷ್ಟೋ ಮಂದಿಗೆ ಅದನ್ನೇ ಹೇಳಿ ಕಳುಹಿಸಿದ್ದೇನೆ. ಈಗ ಅಭಿಪ್ರಾಯ ಬದಲಾಗಿದೆ: ಚಿಕ್ಕದಿದ್ದಾಗ, ಸುತ್ತ ಹೊಲಿಯಲು ಚರ್ಮ ಇರುವಾಗಲೇ ತೆಗೆಯುವುದು ಮೇಲು. ಬೆಳೆದು ಒಂದಕ್ಕೊಂದು ಕೂಡಿ ದ್ರಾಕ್ಷಿ ಗೊಂಚಲಿನಂತಾಗಿ ಗುದದ್ವಾರವನ್ನು ಸುತ್ತಿಕೊಂಡ ಮೇಲೆ ಶಸ್ತ್ರಚಿಕಿತ್ಸಕರಿಗೂ ದಾರಿ ಇರುವುದಿಲ್ಲ. ಗಂಟಿನೊಳಗೆ ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಹಾಕುವುದೂ ಇದೆ, ಆದರೆ ಅದನ್ನು ಕೊಡುವವರಿಗೇ ಅಪಾಯಕಾರಿಯಾದ ಔಷಧವಾದ್ದರಿಂದ ತಕ್ಕ ವ್ಯವಸ್ಥೆಯಿರುವ ಆಸ್ಪತ್ರೆಯಲ್ಲೇ ಆಗಬೇಕು. ಸಿಮೆಟಿಡಿನ್ ಮಾತ್ರೆ ಕೆಲವರು ಕೊಡುತ್ತಾರೆ. ಫಲ ಒಂದೇ ತೆರನಾಗಿಲ್ಲ, ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ.

ನೀವು ಮಾಡಬೇಕಾದದ್ದು: ಸ್ಕೇಲು ಪಕ್ಕಕ್ಕೆ ಹಿಡಿದು ಫೋಟೊ ತೆಗೆಯಿರಿ, ತಾರೀಖು ಬರೆದಿಡಿ, ಮೂರು ತಿಂಗಳಿಗೊಮ್ಮೆ ಹೋಲಿಸಿ. ಲದ್ದಿ ಹಾಕುವಾಗ ತಿಣುಕುತ್ತದೆಯೇ, ಗಂಟು ಒಡೆದು ಕಪ್ಪು ಮಸಿಯಂಥದ್ದು ಜಿನುಗುತ್ತದೆಯೇ, ಕಿವಿಯ ಕೆಳಗೆ ದವಡೆ ಸೇರುವ ಕಡೆ ಅಥವಾ ತುಟಿಯಲ್ಲಿ ಹೊಸ ಗಂಟು ಇದೆಯೇ ಎಂದು ನೋಡುತ್ತಿರಿ. ಎರಡು ವರ್ಷ ಮೆಲ್ಲಗೆ ಬೆಳೆದದ್ದು ಈ ಮೂರು ತಿಂಗಳಲ್ಲಿ ಇಮ್ಮಡಿಯಾದರೆ ಮರು ಯೋಚನೆ ಬೇಡ, ತೋರಿಸಿ.

ಈಗ ದನದಿಂದ ಬರುವ ಗಂಟು. ಕುದುರೆಗಳ ಚರ್ಮದ ಗಡ್ಡೆಗಳಲ್ಲಿ ಪ್ರಪಂಚದಾದ್ಯಂತ ಅತಿ ಹೆಚ್ಚು ಕಾಣುವುದು ಸಾರ್ಕಾಯ್ಡ್. ದನಗಳಿಗೆ ನರಹುಲಿ ತರುವ ಪ್ಯಾಪಿಲೋಮಾ ವೈರಸ್‌ನ 1 ಮತ್ತು 2ನೆಯ ಬಗೆಗಳು ಕುದುರೆಯ ಚರ್ಮ ಹೊಕ್ಕಾಗ ಇದು ಹುಟ್ಟುತ್ತದೆ. ನೊಣಗಳು ಹೊತ್ತು ತರುತ್ತವೆ, ಗಾಯವಿದ್ದರೆ ಅಲ್ಲೇ ನೆಲೆಯೂರುತ್ತದೆ ಎಂಬುದು ಸಾಮಾನ್ಯ ಅಭಿಪ್ರಾಯ. ಇದರ ಕೇಡು ಎಂದರೆ ಬಹುರೂಪಿಯ ವೇಷ. ಒಂದು ಕುದುರೆಯಲ್ಲಿ ಬರೀ ಬೋಳು ಕಲೆ, ಇನ್ನೊಂದರಲ್ಲಿ ನರಹುಲಿಯಂಥ ಒರಟು, ಮತ್ತೊಂದರಲ್ಲಿ ಚರ್ಮದಡಿ ಗೋಲಿ, ಮಗದೊಂದರಲ್ಲಿ ಹಸಿ ಮಾಂಸದ ಹುಣ್ಣು. ಕಣ್ಣಿನ ಸುತ್ತ, ಕಿವಿ, ಎದೆ, ಮುಂಗಾಲುಗಳ ನಡು, ತೊಡೆಸಂದು ಇದರ ಮೆಚ್ಚಿನ ಜಾಗಗಳು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಪೆಟ್ಟು ತಿಂದು ಕಲಿತೆ. ಕೆಲಸಕ್ಕೆ ಸೇರಿದ ಹೊಸತು, ಜಟಕಾ ಗಾಡಿಗಳು ಇನ್ನೂ ಓಡುತ್ತಿದ್ದ ಕಾಲ. ಬೇಲೂರು ಕಡೆಯ ಒಂದು ಜಟಕಾ ಕುದುರೆಯ ಕಿವಿಯ ಬುಡದಲ್ಲಿ ಹುಣಿಸೆ ಬೀಜದಷ್ಟು ದೊಡ್ಡ ಒರಟು ಗಂಟಿತ್ತು. ನರಹುಲಿ ಎಂದು ತೀರ್ಮಾನಿಸಿ, ಮರಗಟ್ಟಿಸಿ, ಬುಡಕ್ಕೆ ಕತ್ತರಿ ಹಾಕಿ, ಎರಡು ಹೊಲಿಗೆ ಹಾಕಿ ಕಳಿಸಿದೆ. ಮೂರನೆಯ ತಿಂಗಳು ಗಾಡಿಯವರು ವಾಪಸ್ ಬಂದರು. ಕಿವಿಯ ಬುಡದಲ್ಲಿ ಹೂಕೋಸು ಅರಳಿತ್ತು. ‘ಸ್ವಾಮಿ, ನೀವು ನೆಟ್ಟದ್ದು ಚೆನ್ನಾಗಿ ಹತ್ತಿಕೊಂಡಿದೆ’ ಎಂದರು ಆ ಮನುಷ್ಯ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ. ಬರೀ ಕತ್ತರಿಸಿ ಬಿಟ್ಟ ಸಾರ್ಕಾಯ್ಡ್ ಅರ್ಧಕ್ಕರ್ಧ ಮರಳುತ್ತದೆ, ಮರಳಿದ್ದು ಮೊದಲಿಗಿಂತ ಮೊಂಡಾಗಿರುತ್ತದೆ. ಇಂದು ಲೇಸರ್, ಅತಿ ಶೀತದಿಂದ ಸುಡುವುದು, ಗಡ್ಡೆಯೊಳಗೆ ಕ್ಯಾನ್ಸರ್ ಔಷಧ, ಕಣ್ಣಿನ ಸುತ್ತ ಇದ್ದರೆ ಕ್ಷಯದ ಲಸಿಕೆಯಾದ ಬಿಸಿಜಿ ಚುಚ್ಚುವುದು ಎಂದೆಲ್ಲ ದಾರಿಗಳಿವೆ. ಯಾವುದಾದರೂ ಸರಿ, ಒಂದೇ ಏಟಿಗೆ ಪೂರ್ತಿ ಮುಗಿಸುವ ಸಿದ್ಧತೆ ಇರಬೇಕು.

ಮೈಲುತುತ್ತದ ಮೇಲೆ ನನ್ನ ಸಿಟ್ಟು ಇಲ್ಲಿಂದಲೇ ಬಂದದ್ದು. ಅದು ಮೇಲಿನ ಪದರವನ್ನು ಸುಟ್ಟು ಹಕ್ಕಳೆ ಕಟ್ಟಿಸುತ್ತದೆ. ಹಕ್ಕಳೆ ಉದುರಿದಾಗ ಗಂಟೇ ಉದುರಿತು ಎಂದು ರೈಟರ್ ಬೀಗುತ್ತಾರೆ. ಕೆಳಗಿರುವುದು ಸಾರ್ಕಾಯ್ಡ್ ಆಗಿದ್ದರೆ ಕೆರಳಿ ಎದ್ದುನಿಲ್ಲುತ್ತದೆ. ಗಾಯವಾಗಿದ್ದರೆ ಅಂಚಿನಿಂದ ಹಬ್ಬುತ್ತಿದ್ದ ಹೊಸ ಚರ್ಮವೂ ಸುಡುತ್ತದೆ. ಆಮೇಲೆ ಬಂದ ವೈದ್ಯರಿಗೆ ರೋಗದ ಬದಲು ಸುಟ್ಟ ಗಾಯ ಕಾಣುತ್ತದೆ. ಬರೆ ಹಾಕುವುದಕ್ಕೂ ಇದೇ ಮಾತು. ನಮ್ಮ ಹಳ್ಳಿಗಳಲ್ಲಿ ಮನುಷ್ಯರ ನರಹುಲಿಗೆ ಕುದುರೆಯ ಬಾಲದ ಕೂದಲು ಕಟ್ಟುವ ಪದ್ಧತಿಯಿದೆ, ಅದನ್ನು ಕುದುರೆಗೇ ಪ್ರಯೋಗಿಸಿದವರನ್ನೂ ನೋಡಿದ್ದೇನೆ. ತೆಳ್ಳನೆಯ ತೊಟ್ಟಿನಿಂದ ಜೋತಾಡುವ ಗಂಟಿಗೆ ರಬ್ಬರ್ ಉಂಗುರ ಹಾಕುವುದನ್ನು ವೈದ್ಯರೂ ಮಾಡುತ್ತಾರೆ ನಿಜ. ಆದರೆ ತೊಟ್ಟಿನ ಬೇರು ಎಲ್ಲಿಯವರೆಗಿದೆ ಎಂದು ಬೆರಳಿಟ್ಟು ತಿಳಿದ ಮೇಲೆ ಮಾತ್ರ.

ಇನ್ನು ಕಾಲಿನ ಗಾಯ.

ಕುದುರೆಯ ಮೊಣಕಾಲಿನ ಕೆಳಗಿನ ಗಾಯ ತಾನಾಗಿಯೇ ತುಂಟ. ಅಲ್ಲಿ ಮಾಂಸಖಂಡ ಇಲ್ಲ; ಚರ್ಮ, ಸ್ನಾಯುರಜ್ಜು, ಮೂಳೆ ಅಷ್ಟೇ. ಗಾಯ ತುಂಬಲು ಬರುವ ಹೊಸ ಮಾಂಸ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹೊರಗೆ ಉಬ್ಬಿ ಬೆಳೆಯುತ್ತದೆ. ಅದು ನಸುಗೆಂಪಾಗಿ ನುಣುಪಾಗಿರುತ್ತದೆ, ಮುಟ್ಟಿದರೆ ರಕ್ತ ಸುರಿಯುತ್ತದೆ, ಆದರೆ ನರಗಳಿಲ್ಲದ ಕಾರಣ ನೋಯುವುದಿಲ್ಲ, ತುರಿಸುವುದೂ ಇಲ್ಲ. ಬರೀ ಅದೇ ಆಗಿದ್ದರೆ ವೈದ್ಯರು ಚರ್ಮದ ಮಟ್ಟಕ್ಕೆ ಸವರಿ, ಪಟ್ಟಿ ಕಟ್ಟಿ, ಗುಣಪಡಿಸುತ್ತಾರೆ. ನೀವು ‘ಕಚ್ಚಿಕೊಳ್ಳುತ್ತದೆ’ ಎಂದು ಬರೆದಿದ್ದೀರಿ. ತುರಿಸುವ ಗಾಯ ಬೇರೆಯ ಜಾತಿಯದು.

ಬ್ರಿಟಿಷರ ಕಾಲದ ಸೈನ್ಯದ ಕುದುರೆ ವೈದ್ಯರು ಮಳೆಗಾಲದಲ್ಲಿ ಎದ್ದು ಚಳಿಗಾಲದಲ್ಲಿ ಅಡಗುವ ಇಂಥ ಹುಣ್ಣಿಗೆ ‘ಬರ್ಸಾತಿ’ ಎನ್ನುತ್ತಿದ್ದರು. ಹಿಂದಿಯ ಬರ್ಸಾತ್, ಅಂದರೆ ಮಳೆ. ಇಂದು ನಾವು ಬೇರೆ ಬೇರೆಯೆಂದು ಗುರುತಿಸುವ ಕಾಯಿಲೆಗಳು ಆ ಒಂದು ಹೆಸರಿನೊಳಗೆ ಸೇರಿಕೊಂಡಿದ್ದವು. ಅವುಗಳಲ್ಲಿ ಮುಖ್ಯವಾದದ್ದು ಹ್ಯಾಬ್ರೊನೀಮಾ ಎಂಬ ಹುಳುವಿನದು. ಈ ಹುಳು ಕುದುರೆಯ ಜಠರದಲ್ಲಿ ಬದುಕುತ್ತದೆ. ಲದ್ದಿಯಲ್ಲಿ ಹೊರಬಂದ ಮರಿಹುಳುಗಳನ್ನು ಅಲ್ಲೇ ಬೆಳೆಯುವ ನೊಣದ ಹುಳುಗಳು ನುಂಗುತ್ತವೆ. ಅವು ನೊಣವಾಗಿ ಹಾರಿಬಂದು ಕುದುರೆಯ ತುಟಿಯ ಮೇಲೆ ಕೂತರೆ ಮರಿಹುಳು ಬಾಯಿ ಸೇರಿ, ಜಠರಕ್ಕಿಳಿದು, ಸಂಸಾರ ಮುಂದುವರಿಸುತ್ತದೆ. ಗಾಯದ ಮೇಲೋ ಕಣ್ಣಿನ ಒಳಮೂಲೆಯಲ್ಲೋ ಕೂತರೆ ದಾರಿ ತಪ್ಪಿದ ಮರಿಹುಳು ಅಲ್ಲೇ ಸಾಯುತ್ತದೆ, ಅದಕ್ಕೆ ದೇಹ ವಿಪರೀತವಾಗಿ ಪ್ರತಿಕ್ರಿಯಿಸುತ್ತದೆ. ಹುಣ್ಣನ್ನು ಒರೆಸಿ ನೋಡಿದರೆ ಅಕ್ಕಿನುಚ್ಚಿನಂಥ ಹಳದಿ ಹರಳುಗಳು ಬೆರಳಿಗೆ ತಾಗುತ್ತವೆ.

ಇದಕ್ಕೆ ಐವರ್ಮೆಕ್ಟಿನ್ ಬಾಯಿಯ ಮೂಲಕ, ದೇಹದ ತೂಕದ ಪ್ರತಿ ಕಿಲೊಗೆ 0.2 ಮಿಲಿಗ್ರಾಂ. ತೂಕ ತಿಳಿಯಲು ತಕ್ಕಡಿ ಬೇಕಿಲ್ಲ: ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರ್‌ನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,877ರಿಂದ ಭಾಗಿಸಿ. ಸುತ್ತಳತೆ 150, ಉದ್ದ 145 ಇದ್ದರೆ ತೂಕ ಸುಮಾರು 275 ಕಿಲೊ, ಔಷಧ 55 ಮಿಲಿಗ್ರಾಂ. ದನಕ್ಕೆ ಹಾಕುವ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಕುದುರೆಗೆ ಚುಚ್ಚಬಾರದು, ಚುಚ್ಚಿದ ಕಡೆ ಕೆಟ್ಟ ಬಾವು ಬರುವ ಅಪಾಯವಿದೆ. ಹುಳು ಸತ್ತರೂ ದೇಹದ ಸಿಟ್ಟು ಇಳಿಯಲು ಸ್ಟೀರಾಯ್ಡ್ ಬೇಕಾಗಬಹುದು, ಹರಳುಗಳನ್ನು ಕೆರೆದು ತೆಗೆಯಬೇಕಾಗಬಹುದು. ನೊಣ ಕೂರದಂತೆ ಪಟ್ಟಿ ಕಟ್ಟಿಟ್ಟರೆ ಅರ್ಧ ಕೆಲಸ ಆದಂತೆ.

‘ಮಳೆ ನಿಂತರೆ ಸರಿಹೋಗಬಹುದು’ ಎಂಬ ನಿಮ್ಮ ಎಣಿಕೆ ಅರ್ಧ ನಿಜ. ಬರ್ಸಾತಿ ಹುಣ್ಣು ಚಳಿಗಾಲದಲ್ಲಿ ಒಣಗಿ ಆರಿದಂತೆ ಕಾಣುವುದು ಉಂಟು. ಮುಂದಿನ ಮಳೆಗಾಲಕ್ಕೆ ನೊಣದ ಜೊತೆ ಮತ್ತೆ ಹಾಜರಾಗುತ್ತದೆ.

ಆದರೆ ನಾನು ಲೋಟ ಕೆಳಗಿಟ್ಟದ್ದು ಇದಕ್ಕಲ್ಲ, ಪಿಥಿಯಂಗೆ. ಈ ಹೆಸರು ನಿಮಗೆ ಹೊಸದಲ್ಲ. ಹಾಸನ ಸೀಮೆಯ ಶುಂಠಿ ಬೆಳೆಗಾರರನ್ನು ಮಳೆಗಾಲದಲ್ಲಿ ನಿದ್ದೆಗೆಡಿಸುವ ಗೆಡ್ಡೆ ಕೊಳೆ ರೋಗ ತರುವುದು ಪಿಥಿಯಂ. ಅದರ ದಾಯಾದಿ ಪಿಥಿಯಂ ಇನ್ಸಿಡಿಯೋಸಂ ಕುದುರೆಯನ್ನು ಹಿಡಿಯುತ್ತದೆ. ನಿಂತ ನೀರಿನಲ್ಲಿ, ಕೊಳೆಯುವ ಎಲೆ ಹುಲ್ಲುಗಳ ನಡುವೆ ಬದುಕುತ್ತದೆ. ಅದರ ಬೀಜಕಣಗಳಿಗೆ ಬಾಲದಂಥ ಎಳೆಯಿದ್ದು, ನೀರಿನಲ್ಲಿ ಈಜಿ ಬಂದು ಗಾಯವನ್ನು ಹುಡುಕಿ ಅಂಟಿಕೊಳ್ಳುತ್ತವೆ. ಗದ್ದೆ ಬಯಲಿನಲ್ಲೋ ಕೆರೆಯ ಅಂಚಿನಲ್ಲೋ ಮೇಯಲು ಬಿಟ್ಟ, ಕಾಲಿನಲ್ಲಿ ತೆರೆದ ಗಾಯವಿರುವ ಕುದುರೆ ಅದಕ್ಕೆ ಹೇಳಿ ಮಾಡಿಸಿದ ಮನೆ. ತಡೆಯಲಾರದ ತುರಿಕೆ, ನೂಲಿನಂತೆ ಇಳಿಯುವ ರಕ್ತಮಿಶ್ರಿತ ಲೋಳೆ, ಹುಣ್ಣಿನ ಬಿಲಗಳಿಂದ ಹವಳದ ಚೂರಿನಂತೆ ಕೊಂಬೆಯೊಡೆದ ಹಳದಿ-ಬೂದು ಗಟ್ಟಿಗಳು ಕಳಚಿ ಬೀಳುವುದು ಇದರ ಗುರುತು. ವಾರ ವಾರಕ್ಕೂ ಕಣ್ಣೆದುರಿಗೇ ದೊಡ್ಡದಾಗುತ್ತದೆ.

ಹೆಸರಿಗೆ ಶಿಲೀಂಧ್ರದಂತೆ ಕಂಡರೂ ಅದು ಶಿಲೀಂಧ್ರವಲ್ಲ. ಶಿಲೀಂಧ್ರಗಳ ಕೋಶಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತು ಇದರಲ್ಲಿಲ್ಲ, ಹೆಚ್ಚಿನ ಶಿಲೀಂಧ್ರನಾಶಕಗಳು ಗುರಿಯಿಡುವುದು ಅದನ್ನೇ. ಆದ್ದರಿಂದ ಅಂಗಡಿಯ ಮುಲಾಮುಗಳು ಇದರ ಮುಂದೆ ನಿಷ್ಪ್ರಯೋಜಕ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಅಡಿಕೆಯ ಕೊಳೆಗೆ ಕೆಲಸ ಮಾಡುತ್ತದಲ್ಲ, ಇದಕ್ಕೂ ಮಾಡಬಾರದೇಕೆ ಎಂದು ಒಬ್ಬ ಬುದ್ಧಿವಂತ ಬೆಳೆಗಾರರು ನನ್ನನ್ನು ಕೇಳಿದ್ದರು. ಅಡಿಕೆಗೊನೆಯ ಮೇಲೆ ಅದು ಹೊರಗೆ ಕಾವಲು ಕಾಯುತ್ತದೆ. ಇಲ್ಲಿ ಕಳ್ಳ ಆಗಲೇ ಮನೆಯ ಒಳಗಿದ್ದಾನೆ, ಬೆರಳಷ್ಟು ಆಳದಲ್ಲಿ. ಉಳಿದಿರುವ ದಾರಿ ಬೇಗ ಗುರುತಿಸಿ, ಸುತ್ತಲಿನ ಒಳ್ಳೆಯ ಮಾಂಸವನ್ನೂ ಸೇರಿಸಿ ಅಗಲವಾಗಿ ಕತ್ತರಿಸಿ ತೆಗೆಯುವುದು. ಸ್ನಾಯುರಜ್ಜು, ಮೂಳೆ ತಲುಪಿದ ಮೇಲೆ ಅದು ಕೈಗೂಡುವುದಿಲ್ಲ. ಎರಡು ತಿಂಗಳು ದಾಟಿದ ಹುಣ್ಣಿನಲ್ಲಿ ಗುಣವಾಗುವ ಆಸೆ ತೀರಾ ಇಳಿಯುತ್ತದೆ.

ನಿಮಗೊಂದು ಸಮಾಧಾನವೂ ಇಲ್ಲೇ ಇದೆ. ಮಳೆಗಾಲದ ಆರಂಭದಲ್ಲೇ ಪಿಥಿಯಂ ಹೊಕ್ಕಿದ್ದರೆ ಇಷ್ಟು ಹೊತ್ತಿಗೆ ‘ಮಾಂಸ ಸ್ವಲ್ಪ ಉಬ್ಬಿದೆ’ ಎಂದು ಬರೆಯುವ ಸ್ಥಿತಿ ಇರುತ್ತಿರಲಿಲ್ಲ, ಅಂಗೈ ಅಗಲ ದಾಟಿರುತ್ತಿತ್ತು. ಹಾಗಾಗಿ ನನ್ನ ಮನಸ್ಸು ಬರ್ಸಾತಿ ಹುಳುವಿನ ಕಡೆ ವಾಲುತ್ತದೆ, ಸಾರ್ಕಾಯ್ಡ್ ಎರಡನೆಯದು. ಆದರೆ ತೆರೆದ ಗಾಯಕ್ಕೆ ಪಿಥಿಯಂ ನಿನ್ನೆ ಮೊನ್ನೆಯೂ ಹೊಕ್ಕಿರಬಹುದು. ಊಹೆಯ ಮೇಲೆ ವಾರಗಳನ್ನು ಕಳೆಯುವ ಜಾಗ ಇದಲ್ಲ. ವೈದ್ಯರು ಅಂಚಿನಿಂದ ಒಂದು ತುಂಡನ್ನು ಆಳವಾಗಿ ತೆಗೆದು ಶೇಕಡ 10ರ ಫಾರ್ಮಲಿನ್‌ನಲ್ಲಿ ಬಯಾಪ್ಸಿಗೆ ಕಳಿಸಬೇಕು, ಒಣಗಿದ ಮೇಲ್ಪದರವನ್ನಲ್ಲ. ಹರಳು ಬಿದ್ದಿದ್ದರೆ ಅದನ್ನೂ ಶುದ್ಧವಾದ ಶೀಶೆಯಲ್ಲಿ ಬೇರೆಯಾಗಿ ಎತ್ತಿಟ್ಟು ಅವರ ಕೈಗೆ ಕೊಡಿ. ಸಾರ್ಕಾಯ್ಡ್ ಎಂಬ ಬಲವಾದ ಅನುಮಾನವಿದ್ದರೆ ತುಂಡು ತೆಗೆಯುವುದೇ ಅದನ್ನು ಕೆರಳಿಸಬಹುದು. ಆದ್ದರಿಂದ ಉತ್ತರ ಬಂದ ಕೂಡಲೇ ಚಿಕಿತ್ಸೆ ಶುರುಮಾಡಲು ಮೊದಲೇ ತಯಾರಾಗಿರಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದು ನಿಮಗೆ ಅನುಕೂಲ. ಶಸ್ತ್ರಚಿಕಿತ್ಸೆ ಬೇಕಾದರೆ ಘಾಟಿ ಇಳಿಯದೆ, ಬೆಂಗಳೂರಿನವರೆಗೆ ಸಾಗಿಸದೆ ಕೇಳಿ ನೋಡಬಹುದು. ತುರ್ತಿಗೆ ಪಶು ಸಂಜೀವಿನಿಯ 1962 ಸಂಖ್ಯೆ ಇದೆ. ಅಲ್ಲಿಯವರೆಗೆ ಕುದುರೆಯನ್ನು ಗದ್ದೆ, ಹಳ್ಳದ ಕಡೆ ಬಿಡಬೇಡಿ. ಗಾಯ ಒಣಗಿರಲಿ, ಮುಚ್ಚಿರಲಿ.

ನೀವು ಕೇಳದ ಒಂದನ್ನು ಹೇಳಲೇಬೇಕು. ಹಿಂಗಾಲಿನ ಒಳಮೈಯಲ್ಲಿ ಗಂಟುಗಳು ಒಂದರ ಕೆಳಗೊಂದು ಮಣಿಸರದಂತೆ ಎದ್ದು, ಒಡೆದು, ಜೇನಿನಂಥ ಜಿಡ್ಡು ಹಳದಿ ಸೋರತೊಡಗಿದರೆ, ಜೊತೆಗೆ ಜ್ವರ ಅಥವಾ ಮೂಗಿನಿಂದ ಅಂಟು ಸಿಂಬಳವಿದ್ದರೆ, ಅದು ಗ್ಲಾಂಡರ್ಸ್ ಇರಬಹುದು. ಮನುಷ್ಯರಿಗೂ ಅಂಟುತ್ತದೆ, ಕೊಲ್ಲುತ್ತದೆ, ಲಸಿಕೆಯಿಲ್ಲ. ಕುದುರೆಯನ್ನು ಪ್ರತ್ಯೇಕಿಸಿ, ಗಂಟನ್ನು ಒಡೆಯದೆ, ಬರಿಗೈಯಲ್ಲಿ ಮುಟ್ಟದೆ ಸರ್ಕಾರಿ ಪಶುವೈದ್ಯರಿಗೆ ತಿಳಿಸುವುದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಂತೆ ಕಡ್ಡಾಯ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ರಕ್ತ ಪರೀಕ್ಷೆಯಾಗುತ್ತದೆ. ರೋಗ ಖಚಿತವಾದ ಕುದುರೆಗೆ ಚಿಕಿತ್ಸೆ ಕೊಡುವುದಿಲ್ಲ, ದಯಾಮರಣವೇ. ನಿಮ್ಮ ಕುದುರೆಗಳಲ್ಲಿ ಅಂಥ ಲಕ್ಷಣ ಇರುವಂತೆ ಕಾಣುವುದಿಲ್ಲ. ಆದರೂ ದಿಬ್ಬಣಕ್ಕೆ ಊರೂರು ಸುತ್ತುವ ಕುದುರೆಯನ್ನು ಕೊಂಡು ತಂದಾಗ ರಕ್ತ ಪರೀಕ್ಷೆಯ ಫಲಿತಾಂಶ ಬರುವವರೆಗೆ ಬೇರೆ ಕಟ್ಟಿ.

ನೊಣಗಳ ವಿಷಯಕ್ಕೆ ಬಂದರೆ, ಮೇಲೆ ಹೇಳಿದ ಅರ್ಧ ಗಂಟುಗಳ ಹಿಂದೆ ಅವುಗಳ ಕೈವಾಡವಿದೆ. ಲದ್ದಿಯನ್ನು ದಿನವೂ ಎತ್ತಿ ಲಾಯದಿಂದ ದೂರ, ಮುಚ್ಚಿದ ಗುಂಡಿಗೆ ಹಾಕಿಸಿ. ಮುಂಜಾನೆ, ಮುಸ್ಸಂಜೆ ನುಸಿ ಏಳುವ ಹೊತ್ತು ಕುದುರೆ ಒಳಗಿರಲಿ, ಬೇವಿನ ಸೊಪ್ಪಿನ ಹೊಗೆ ಹಾಕಿದರೂ ಸರಿಯೇ. ಉಣ್ಣೆ ಕಚ್ಚಿದ ಕಡೆಯೂ ಸಣ್ಣ ಗಟ್ಟಿ ಗಂಟು ಉಳಿಯುತ್ತದೆ. ಉಣ್ಣೆಯನ್ನು ಬರಿಗೈಯಿಂದ ಕಿತ್ತು ಉಗುರಿನಲ್ಲಿ ಒರೆಯುವ ಅಭ್ಯಾಸ, ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಇರುವ ಮಲೆನಾಡಿನಲ್ಲಿ ಬೇಡವೇ ಬೇಡ. ಮತ್ತು ದನದ ಉಣ್ಣೆಗೆ ಸಿಂಪಡಿಸುವ ಅಮಿಟ್ರಾಜ್ ಔಷಧವನ್ನು ಕುದುರೆಗೆ ಬಳಸಬೇಡಿ. ಅದರಿಂದ ಕುದುರೆಯ ಕರುಳಿನ ಚಲನೆ ನಿಂತು, ಲದ್ದಿ ಕಟ್ಟಿ, ಹೊಟ್ಟೆನೋವಿನಿಂದ ಸಾಯಬಹುದು. ಬಾಟಲಿಯ ಮೇಲೆ ‘ಪಶುಗಳಿಗೆ’ ಎಂದು ಬರೆದಿದ್ದರೆ ಕುದುರೆಯೂ ಪಶುವೇ ಅಲ್ಲವೇ ಎಂದು ಜನ ಹಚ್ಚಿಬಿಡುತ್ತಾರೆ.

ಸವಾರಿಯ ಮಾತು. ಕಾಲಿನ ಬಯಾಪ್ಸಿಯ ಉತ್ತರ ಬರುವವರೆಗೆ ಕಂದು ಕುದುರೆಗೆ ರಜೆ ಕೊಡಿ. ಆ ಬಿಡುವಿನಲ್ಲಿ ಬೆನ್ನಿನ ಗಂಟುಗಳು ಕುಗ್ಗುತ್ತವೆಯೇ ನೋಡಿ, ಕುಗ್ಗಿದರೆ ದೋಷ ಜೀನಿನದು ಎಂದು ಗೊತ್ತಾಗುತ್ತದೆ. ಬಿಳಿ ಕುದುರೆಯ ಮೇಲೆ ಅತಿಥಿಗಳನ್ನು ಕೂರಿಸಬಹುದು. ಆದರೆ ನಿಮ್ಮ ತೋಟ ಇಳಿಜಾರಿನದಾದ್ದರಿಂದ ಜೀನು ಮುಂದೆ ಜಾರದಂತೆ ಬಾಲದ ಕೆಳಗೆ ಪಟ್ಟಿ ಹಾಯಿಸಿ ಕಟ್ಟುವ ರೂಢಿ ಇರಬಹುದು. ಆ ಪಟ್ಟಿ ಉಜ್ಜುವುದು ಸರಿಯಾಗಿ ಗಂಟುಗಳ ಮೇಲೆಯೇ. ಅದನ್ನು ಇಂದೇ ಬಿಚ್ಚಿಡಿ, ಎದೆಪಟ್ಟಿ ಇರುವ ಜೀನು ಹಾಕಿ, ಸಮತಟ್ಟಾದ ದಾರಿಯಲ್ಲಷ್ಟೇ ನಡೆಸಿ.